ಹೆಗಲಿನ ಹೊರೆ, ಕೈಯ ಹೊಣೆ

ಧರ್ಮಸಂಕಟವು ರಾಜಸಭೆಯಲ್ಲಿಯೂ ರಣಾಂಗಣದಲ್ಲಿಯೂ ಮಾತ್ರ ಹುಟ್ಟತಕ್ಕದ್ದೆಂದು ತಿಳಿಯುವದು ವಾಡಿಕೆಯಾಗಿದೆ. ಆದರೆ ಗೃಹಸ್ಥನು ದಿನದಿನವೂ ಮಾಡುವ ಸಣ್ಣ ಆಯ್ಕೆಗಳಲ್ಲಿಯೂ ಅದು ಅಡಗಿರುತ್ತದೆ. ಎರಡು ವಸ್ತುಗಳಲ್ಲಿ ಯಾವದನ್ನು ಕೊಳ್ಳಲೆಂದು ಅಂಗಡಿಯ ಮುಂದೆ ನಿಂತವನು ಬೆಲೆಯನ್ನು ಕೇಳುತ್ತಾನೆ, ಬಾಳಿಕೆಯನ್ನು ಕೇಳುತ್ತಾನೆ, ಅಂದವನ್ನು ನೋಡುತ್ತಾನೆ. ಆ ವಸ್ತುವಿನಿಂದ ತನಗೆ ತಪ್ಪುವ ಕಷ್ಟವು ಮತ್ತಾರ ಪಾಲಿಗೆ ಹೋಗುವದೆಂದು ಮಾತ್ರ ಬಹುಮಟ್ಟಿಗೆ ಕೇಳುವದಿಲ್ಲ. ಹೀಗೆ ಕೇಳದೆ ಉಳಿದ ಪ್ರಶ್ನೆಯೇ ಪ್ರಕೃತ ಲೇಖನದ ವಿಷಯವು.

ಆಳಂದ ತಾಲೂಕಿನ ನಿಂಬರ್ಗಾದ ಸೀಮೆಯು ಎರೆಯ ನೆಲದ್ದು. ತೊಗರಿ ಜೋಳಗಳ ಬೀಡು. ಈ ಸೀಮೆಯ ಒಕ್ಕಲಿಗನು ಹಿಂದೆ ಕೂರಿಗೆ ಬೇಕಾದಾಗ ಊರ ಬಡಿಗನ ಮನೆಗೆ ಹೋಗುತ್ತಿದ್ದನು. ಬಡಿಗನು ಅವನ ಎತ್ತುಗಳ ಎತ್ತರವನ್ನೂ, ಅವನ ಕೈಯ ನಿಲುಕನ್ನೂ, ಅವನ ಹೊಲದ ಮಣ್ಣನ್ನೂ ಬಲ್ಲವನಾದುದರಿಂದ, ಅವಕ್ಕೆ ತಕ್ಕಂತೆ ಕೂರಿಗೆಯನ್ನು ಕಟ್ಟಿಕೊಡುತ್ತಿದ್ದನು. ಇಂದು ಟ್ರ್ಯಾಕ್ಟರಿಗೆ ಹೂಡುವ ಬಿತ್ತನೆಯ ಯಂತ್ರವು ಕಾರ್ಖಾನೆಯಿಂದ ಸಿದ್ಧವಾಗಿಯೇ ಬರುತ್ತದೆ. ಅದು ಯಾರೊಬ್ಬನ ಕೈಗೂ ಅಳತೆ ಮಾಡಿದ್ದಲ್ಲ. ಎಲ್ಲರ ಕೈಗೂ ಸುಮಾರಾಗಿ ಒಗ್ಗುವಂಥದು. ಅಳತೆಗೆ ಮಾಡಿಸಿದ ವಸ್ತುವೋ, ಸಿದ್ಧವಾಗಿ ದೊರೆಯುವ ವಸ್ತುವೋ ಎಂಬ ಸಂಶಯವು ಆದುದರಿಂದ ಈ ನಾಡಿಗೆ ಹೊಸತಲ್ಲ. ಆದರೆ ಕೂರಿಗೆಯ ಆಯ್ಕೆಯಲ್ಲಿ ತಪ್ಪಾದರೆ ಸಾಲು ಸೊಟ್ಟಗಾದೀತು, ಬೆಳೆ ತೆಳುವಾದೀತು. ನಷ್ಟವು ಕೊಂಡವನ ಕಣಜಕ್ಕೇ ಬರುವದು. ಆಯ್ದವನೊಬ್ಬನು, ತಪ್ಪಿನ ಫಲವನ್ನು ಉಣ್ಣುವವನು ಇನ್ನೊಬ್ಬನು ಎಂಬಂಥ ವಸ್ತುವನ್ನು ತೆಗೆದುಕೊಂಡರೆ ವಿಚಾರವು ಇನ್ನೂ ನಿಚ್ಚಳವಾಗುವದು. ಅಂಥ ವಸ್ತುವು ಬೇಟೆಯ ರೈಫಲು.

ಈ ನಾಡಿನಲ್ಲಿ ಇಂದು ರೈಫಲಿನ ಬೇಟೆಯಿಲ್ಲ. 1948ರ ಸೆಪ್ಟೆಂಬರದವರೆಗೆ ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದ ಈ ಸೀಮೆಯಲ್ಲಿ ಶಿಕಾರಿಯು ಶ್ರೀಮಂತರ ಮತ್ತು ಅಧಿಕಾರಿಗಳ ವಿನೋದವಾಗಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಆ ವಿನೋದಕ್ಕೆ ತೆರೆಯೆಳೆಯಿತು. ಮನುಷ್ಯರ ಪ್ರಾಣಕ್ಕೆ ಎರವಾದ ಮೃಗವನ್ನು ಕೂಡ ಅಧಿಕಾರಿಯ ಅಪ್ಪಣೆಯಿಲ್ಲದೆ ಕೊಲ್ಲುವಂತಿಲ್ಲ. 1959ರ ಶಸ್ತ್ರಾಸ್ತ್ರ ಕಾಯಿದೆಯಲ್ಲಿ ಬೆಳೆಯ ರಕ್ಷಣೆಗೆಂದು ಹೇಳಿರುವದು ಬಾಯಿಯಿಂದ ಮದ್ದು ತುಂಬುವ ಹಳೆಯ ಬಗೆಯ ಕೋವಿಯೇ ಹೊರತು ರೈಫಲಲ್ಲ. ತೊಗರಿಯ ಹೊಲಕ್ಕೆ ಕಾಡುಹಂದಿಯೋ ಚಿಗರಿಯ ಹಿಂಡೋ ನುಗ್ಗಿದಾಗ ಇಲ್ಲಿಯ ರೈತನು ಕೂಗಿ, ಹಲಗೆ ಬಾರಿಸಿ, ರಾತ್ರಿಯೆಲ್ಲ ಕಾವಲಿದ್ದು ಓಡಿಸುತ್ತಾನೆ.

ಹಾಗಾದರೆ ಈ ಪ್ರಶ್ನೆಯು ಇಲ್ಲಿಯ ಮನೆಗಳಿಗೇಕೆ ಎಂದರೆ, ಈ ಮನೆಗಳ ಮಕ್ಕಳು ಇಂದು ದೂರದೇಶಗಳಲ್ಲಿ ನೆಲಸಿರುವರು. ಅಮೆರಿಕದ ಸಂಸ್ಥಾನಗಳಲ್ಲಿ ಜಿಂಕೆಯ ಬೇಟೆಯು ಲೈಸನ್ಸು, ಋತು, ಸಂಖ್ಯೆ ಇವುಗಳ ಕಟ್ಟಳೆಗೆ ಒಳಪಟ್ಟು ಕಾಯಿದೆಬದ್ಧವಾಗಿಯೇ ನಡೆಯುತ್ತದೆ. ಇತ್ತ ಕಡೆಯ ಮನೆತನವೊಂದರ ಯುವಕನು ಅಲ್ಲಿಯ ಗೆಳೆಯರೊಡನೆ ಬೆಟ್ಟದ ಬೇಟೆಗೆ ಹೊರಡುವವನಿದ್ದಾನೆಂದೂ, ಕಾರ್ಖಾನೆಯ ಹಗುರವಾದ ರೈಫಲನ್ನು ಕೊಳ್ಳಲೋ, ಕುಶಲಕರ್ಮಿಯಿಂದ ತನ್ನ ಅಳತೆಗೆ ಮಾಡಿಸಲೋ ಎಂಬ ಯೋಚನೆಯಲ್ಲಿ ಬಿದ್ದು, ಊರಿಗೆ ಫೋನು ಮಾಡಿದಾಗ ತಂದೆಗೆ ಈ ಸಂಗತಿಯನ್ನು ಅರುಹಿದನೆಂದೂ ಭಾವಿಸಬಹುದು. ಮಾಂಸವನ್ನೇ ಮುಟ್ಟದ ಮನೆಯ ಯಜಮಾನನ ಬಾಯಿಂದ ಮೊದಲು ಬರುವ ಮಾತು “ಬೇಡಪ್ಪಾ, ಎರಡೂ ಬೇಡ” ಎಂಬದೇ ಸರಿ. ಮಗನು ಆ ಮಾತನ್ನು ಮೀರುವವನೇ ಆದರೆ, ತಂದೆಗೆ ಇನ್ನೇನಾದರೂ ಹೇಳುವದಕ್ಕೆ ಉಳಿದಿದೆಯೋ ಇಲ್ಲವೋ?

ಇಲ್ಲಿ ಪೂರ್ವಪಕ್ಷವು ಹೀಗಿದೆ. ಬೇಟೆಯೇ ದೋಷವೆಂದ ಮೇಲೆ ಬೇಟೆಯ ಸಾಧನದಲ್ಲಿ ಗುಣದೋಷಗಳನ್ನು ಎಣಿಸುವದು ವ್ಯರ್ಥವು. ಮನುಸ್ಮೃತಿಯ ಏಳನೆಯ ಅಧ್ಯಾಯದಲ್ಲಿ ಕಾಮದಿಂದ ಹುಟ್ಟುವ ಹತ್ತು ವ್ಯಸನಗಳನ್ನು ಹೇಳುವಾಗ ಮೊದಲನೆಯದಾಗಿ ಎಣಿಸಿರುವದು ಮೃಗಯೆಯನ್ನೇ. ಕಲ್ಯಾಣದ ಶರಣರು ದಯೆಯನ್ನು ಬಿಟ್ಟು ಧರ್ಮವಿಲ್ಲವೆಂದು ಸಾರಿದ ನೆಲವು ಆಳಂದಕ್ಕೆ ದೂರದ್ದಲ್ಲ. ಹೀಗಿರಲು ಯಾವ ಕೋವಿ ಮೇಲು ಎಂದು ಕೇಳುವದು, ಯಾವ ಬಟ್ಟಲಿನಲ್ಲಿ ವಿಷವನ್ನು ಕುಡಿಯಲಿ ಎಂದು ಕೇಳಿದಂತೆ.

ಈ ವಾದದಲ್ಲಿ ಬಲವಿದೆ. ಬೇಟೆಯನ್ನು ಬಿಡಬಲ್ಲವನು ಬಿಡುವದೇ ಉತ್ತಮವೆಂಬದನ್ನು ಅಲ್ಲಗಳೆಯಲಾಗದು. ಆದರೂ ಅದು ಒಂದು ಹೆಜ್ಜೆಯನ್ನು ದಾಟಿಬಿಟ್ಟಿದೆ. ದೋಷವುಳ್ಳ ಕಾರ್ಯದಲ್ಲಿಯೂ ಹೆಚ್ಚು ಕಡಿಮೆಗಳುಂಟು. ಕೌಟಿಲ್ಯನು ಅರ್ಥಶಾಸ್ತ್ರದ ಎಂಟನೆಯ ಅಧಿಕರಣದಲ್ಲಿ ವ್ಯಸನಗಳನ್ನೆಲ್ಲ ವ್ಯಸನಗಳೆಂದೇ ಒಪ್ಪಿಕೊಂಡು, ಅವುಗಳಲ್ಲಿ ಯಾವದು ಹೆಚ್ಚು ಕೇಡಿನದು, ಯಾವದು ಕಡಿಮೆ ಎಂದು ಒಂದೊಂದಾಗಿ ತೂಗಿ ನೋಡಿದ್ದಾನೆ. ಮಹಾಭಾರತದ ವನಪರ್ವದಲ್ಲಿ ಮಾಂಸವನ್ನು ಮಾರುವ ಮಿಥಿಲೆಯ ವ್ಯಾಧನು ತಪಸ್ವಿಯಾದ ಕೌಶಿಕನಿಗೆ ಧರ್ಮವನ್ನು ತಿಳಿಸುತ್ತಾನೆ. ತನ್ನ ಕಸುಬು ಘೋರವೆಂಬದನ್ನು ಅವನು ಮರೆಮಾಚಲಿಲ್ಲ. ಘೋರವಾದ ಕಸುಬಿನೊಳಗೂ ನಡತೆಯ ನೇರವಿರಬಲ್ಲದೆಂದು ತೋರಿಸಿದನು. ತಪ್ಪು ಮಾಡುವವನಿಗೆ “ನೀನು ಹೇಗೆ ಮಾಡಿದರೂ ಒಂದೇ” ಎಂದು ಹೇಳಿಬಿಟ್ಟರೆ, ಅವನಲ್ಲಿ ಉಳಿದಿದ್ದ ಎಚ್ಚರವನ್ನೂ ಕಳೆದಂತಾಗುವದು. ಆದುದರಿಂದ ಸಾಧನದ ವಿಚಾರವು ವ್ಯರ್ಥವಲ್ಲ.

ಈಗ ಆ ಎರಡು ರೈಫಲುಗಳ ಸ್ವರೂಪವನ್ನು ನೋಡಬೇಕು. ದೂರದರ್ಶಕವನ್ನು ಕೂಡಿಸಿದ ಸಾಮಾನ್ಯ ಬೇಟೆಯ ರೈಫಲು ಸುಮಾರು 8 ಪೌಂಡು ತೂಗುತ್ತದೆ. ಬೆಟ್ಟವನ್ನೇರಿ ದಿನವಿಡೀ ಅಲೆಯುವವನಿಗೆ ಈ ಭಾರವು ಸಂಜೆಯ ಹೊತ್ತಿಗೆ ಇಮ್ಮಡಿಯಾದಂತೆ ತೋರುವದು. ಅದಕ್ಕಾಗಿ ಕಾರ್ಖಾನೆಗಳು ಹಗುರವಾದವನ್ನು ಮಾಡತೊಡಗಿದವು. ಅಮೆರಿಕದ ವಿಂಚೆಸ್ಟರ್ ಕಂಪನಿಯು ತನ್ನ ಮಾದರಿ 70ರಲ್ಲಿ ‘ಫೆದರ್‌ವೇಟ್’ ಎಂಬ ಹಗುರವಾದ ಬಗೆಯನ್ನು 1952ರಲ್ಲಿ ಹೊರತಂದಿತು. ರೆಮಿಂಗ್ಟನ್ ಕಂಪನಿಯ ಗಿಡ್ಡನೆಯ ‘ಮಾಡೆಲ್ ಸೆವೆನ್’ 1983ರಲ್ಲಿ ಬಂದಿತು. ಅತ್ತ ಕುಶಲಕರ್ಮಿಗಳೂ ಸುಮ್ಮನಿರಲಿಲ್ಲ. ವೆಸ್ಟ್ ವರ್ಜೀನಿಯಾದ ಮೆಲ್ವಿನ್ ಫೋರ್ಬ್ಸ್ ಎಂಬವನು 1985ರಲ್ಲಿ ಸಣ್ಣ ಕಾರ್ಯಾಗಾರವನ್ನು ಹೂಡಿ, ಉಕ್ಕಿನ ಭಾಗಗಳನ್ನು ತೋಟೆಯ ಅಳತೆಗೆ ಸರಿಯಾಗಿ ಕುಗ್ಗಿಸಿ, ಮರದ ಹಿಡಿಗೆ ಬದಲಾಗಿ ಕೃತಕ ನೂಲಿನ ಗಟ್ಟಿಯಾದ ಹಿಡಿಯನ್ನು ಜೋಡಿಸಿ, ದೂರದರ್ಶಕವಿಲ್ಲದೆ 5 ಪೌಂಡಿಗೂ ಕಡಿಮೆ ತೂಗುವ ರೈಫಲನ್ನು ಮಾಡಿ ತೋರಿಸಿದನು. ಕಾರ್ಖಾನೆಯ ವಸ್ತುವು ಇಂದೇ ಕೈಗೆ ಬರುವದು. ಕುಶಲಕರ್ಮಿಯದಕ್ಕೆ ಅದರ ಹಲವು ಪಟ್ಟು ಹಣವನ್ನು ತೆತ್ತು, ತಿಂಗಳುಗಟ್ಟಲೆ ಕಾಯಬೇಕಾಗುವದು. ಆದರೆ ಅವನು ಕೊಳ್ಳುವವನ ತೋಳಿನ ಉದ್ದವನ್ನೂ, ಕೊರಳಿನ ನಿಲುವನ್ನೂ, ಕೆನ್ನೆಯು ಹಿಡಿಗೆ ಒರಗುವ ಎಡೆಯನ್ನೂ ಅಳೆದು ಕೆಲಸಕ್ಕೆ ಕೈಹಾಕುವನು.

ಎರಡರಲ್ಲಿಯೂ ಸಮಾನವಾದ ಸಂಗತಿಯೊಂದಿದೆ. ಅದನ್ನೇ ಮೊದಲು ಪರೀಕ್ಷಿಸಬೇಕು. ಎರಡೂ ಹಗುರವಾಗಿರುವವು. ಲೋಕದಲ್ಲಿ ಭಾರವು ಕಡಿಮೆಯಾಯಿತೆಂದರೆ ಕಷ್ಟವು ಕಡಿಮೆಯಾಯಿತೆಂದೇ ತಿಳಿಯುವರು. ಪದಾರ್ಥಶಾಸ್ತ್ರವು ಹಾಗೆ ಹೇಳುವದಿಲ್ಲ. ಗುಂಡು ಮುಂದಕ್ಕೆ ಹಾರುವಾಗ ಕೋವಿಯು ಹಿಂದಕ್ಕೆ ಒದೆಯುವದು. ಗುಂಡೂ ಮದ್ದೂ ಅವೇ ಆಗಿದ್ದು ಕೋವಿಯ ಭಾರವನ್ನು 8 ಪೌಂಡಿನಿಂದ 6 ಪೌಂಡಿಗೆ ಇಳಿಸಿದರೆ, ಆ ಒದೆತದ ಶಕ್ತಿಯು ಮೂರನೆಯ ಒಂದು ಪಾಲಿನಷ್ಟು ಹೆಚ್ಚುವದು. ಒದೆತಕ್ಕೆ ಅಂಜಿದ ಮನುಷ್ಯನು ತಾನರಿಯದೆಯೇ ಗುಂಡು ಹಾರುವ ಕ್ಷಣದಲ್ಲಿ ಬೆಚ್ಚುತ್ತಾನೆ, ಕಣ್ಣು ಮುಚ್ಚುತ್ತಾನೆ. ಇದಲ್ಲದೆ ಭಾರವಾದ ವಸ್ತುವು ತನ್ನ ಜಡತೆಯಿಂದಲೇ ಕೈಯಲ್ಲಿ ಸ್ಥಿರವಾಗಿ ನಿಲ್ಲುತ್ತದೆ. ಹಗುರವಾದದ್ದು ಉಸಿರಿಗೂ ನಾಡಿಯ ಮಿಡಿತಕ್ಕೂ ಅಲುಗುತ್ತದೆ. ತೆಳುವಾದ ನಳಿಗೆಯು ಎರಡು ಮೂರು ಗುಂಡುಗಳಿಗೇ ಕಾಯುವದು.

ಆದುದರಿಂದ ಹೆಗಲಿನಿಂದ ಇಳಿಸಿದ ಎರಡು ಪೌಂಡುಗಳು ಎಲ್ಲಿಯೂ ಮಾಯವಾಗಲಿಲ್ಲ. ನಡೆಯುವಾಗ ತಪ್ಪಿದ ಕಷ್ಟವು ಗುರಿಯಿಡುವಾಗ ತಿರುಗಿ ಬಂದು ನಿಲ್ಲುವದು. ಆಗ ಅದನ್ನು ಹೊರುವವರು ಇಬ್ಬರಲ್ಲಿ ಒಬ್ಬರು. ಬೇಟೆಗಾರನು ತಿಂಗಳುಗಟ್ಟಲೆ ಅಭ್ಯಾಸ ಮಾಡಿ, ಒದೆತಕ್ಕೆ ಮೈಯನ್ನು ಒಗ್ಗಿಸಿ, ಅಲುಗುವ ಕೈಯನ್ನು ನಿಲ್ಲಿಸಲು ಕಲಿತನಾದರೆ, ಆ ಭಾರವನ್ನು ಅವನೇ ಬೇರೊಂದು ರೂಪದಿಂದ ಹೊತ್ತಂತಾಯಿತು. ಕಲಿಯದೆ ಹೋದನಾದರೆ ಅದನ್ನು ಹೊರುವದು ಮೃಗವು. ಹೃದಯಕ್ಕೆ ತಗಲಬೇಕಾದ ಗುಂಡು ಹೊಟ್ಟೆಗೋ ಕಾಲಿಗೋ ತಗಲುವದು. ಮೃಗವು ಪೊದೆಯನ್ನು ಹೊಕ್ಕು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ನರಳುವದು. ಮಾರುವವನ ಪಟ್ಟಿಯಲ್ಲಿ ಭಾರವನ್ನು ಬರೆದಿರುತ್ತದೆ. ಈ ನರಳುವಿಕೆಯನ್ನು ಬರೆದಿರುವದಿಲ್ಲ.

ವಾಲ್ಮೀಕಿಗಳ ಅಯೋಧ್ಯಾಕಾಂಡದಲ್ಲಿ ಸಾಯುವ ಮುನ್ನ ದಶರಥನು ಕೌಸಲ್ಯೆಗೆ ಹೇಳುವ ಕಥೆಯು ಇಲ್ಲಿ ನೆನಪಾಗದೆ ಇರದು. ತಾರುಣ್ಯದಲ್ಲಿ ಶಬ್ದವೇಧಿಯೆಂದು ಹೆಸರಾಗಿದ್ದ ಅವನು ಮಳೆಗಾಲದ ರಾತ್ರಿಯಲ್ಲಿ ಸರಯೂ ತೀರದಲ್ಲಿ ಹೊಂಚುತ್ತಿದ್ದು, ಕೊಡ ತುಂಬುವ ಸದ್ದನ್ನು ಆನೆಯ ಸದ್ದೆಂದು ಬಗೆದು ಬಾಣವನ್ನು ಬಿಟ್ಟನು. ಬಿಲ್ಲಿನಲ್ಲಿ ಕೊರತೆಯಿರಲಿಲ್ಲ, ಕೈಯಲ್ಲಿಯೂ ಕೊರತೆಯಿರಲಿಲ್ಲ, ಬಾಣವು ಸದ್ದಿದ್ದೆಡೆಗೇ ಹೋಯಿತು. ಆದರೆ ಬಿದ್ದವನು ಕುರುಡ ತಂದೆತಾಯಿಗಳಿಗೆ ನೀರು ಒಯ್ಯಲು ಬಂದಿದ್ದ ಮುನಿಕುಮಾರನು. ಅವನು ಕೂಡಲೇ ಸಾಯಲಿಲ್ಲವೆಂಬದನ್ನು ವಾಚಕರು ಗಮನಿಸಬೇಕು. ಮರ್ಮದಲ್ಲಿ ನಟ್ಟ ಬಾಣದ ಯಾತನೆಯನ್ನು ತಾಳಲಾರದೆ, ಅದನ್ನು ಕಿತ್ತು ತನ್ನನ್ನು ಬಿಡುಗಡೆ ಮಾಡೆಂದು ಕೊಂದವನನ್ನೇ ಬೇಡಿಕೊಂಡನು. ಚಕ್ರವರ್ತಿಯು ಮುಪ್ಪಿನವರೆಗೂ ಹೊತ್ತ ಭಾರವು ಆ ಬೇಡಿಕೆಯದು. ತಾನು ಏನನ್ನು ಹೊಡೆಯುತ್ತಿರುವೆನೆಂದು ಕಾಣುವ ಮೊದಲೇ ಹೊಡೆದದ್ದು ಅವನ ದೋಷವು. ತನ್ನ ಕುಶಲತೆಯ ಹೆಸರೇ ಅವನನ್ನು ಆ ದೋಷಕ್ಕೆ ತಳ್ಳಿತು.

ಹಗುರತೆಯ ವಿಷಯದಲ್ಲಿ ಕಾಳಿದಾಸನ ಸಾಕ್ಷ್ಯವೂ ಒಂದುಂಟು. ಶಾಕುಂತಲದ ಎರಡನೆಯ ಅಂಕದಲ್ಲಿ ದುಷ್ಯಂತನ ಸೇನಾಪತಿಯು ಬೇಟೆಯನ್ನು ಹೊಗಳುವನು. ಕೊಬ್ಬು ಕರಗಿ, ಹೊಟ್ಟೆ ಸಣ್ಣದಾಗಿ, ಮೈಯು ಹಗುರವಾಗಿ ಉದ್ಯೋಗಕ್ಕೆ ಯೋಗ್ಯವಾಗುವದೆಂದೂ, ಭಯಕ್ರೋಧಗಳಲ್ಲಿ ಪ್ರಾಣಿಗಳ ಮನಸ್ಸು ಹೇಗಿರುವದೆಂದು ತಿಳಿಯುವದೆಂದೂ, ಚಲಿಸುವ ಗುರಿಯನ್ನು ಹೊಡೆಯುವ ಕೈಚಳಕವು ಬರುವದೆಂದೂ ಅವನ ಮಾತಿನ ತಾತ್ಪರ್ಯವು. ಒಡೆಯನ ಮನಸ್ಸನ್ನರಿತು ಆಡಿದ ಆ ಹೊಗಳಿಕೆಯನ್ನು ಪೂರ್ತಿಯಾಗಿ ಒಪ್ಪಬೇಕಾಗಿಲ್ಲ. ಆದರೂ ಅಲ್ಲಿ ಹಗುರವಾಗುವದು ಬೇಟೆಗಾರನ ಮೈ. ಇಂದಿನ ಪೇಟೆಯಲ್ಲಿ ಹಗುರವಾಗುವದು ಅವನ ಕೋವಿ. ತನ್ನ ಮೈಯಿಂದ ಹತ್ತು ಪೌಂಡನ್ನು ಇಳಿಸಲಾರದವನು ಕೋವಿಯಿಂದ ಎರಡು ಪೌಂಡನ್ನು ಇಳಿಸುವದಕ್ಕೆ ಸಾವಿರಗಟ್ಟಲೆ ಹಣವನ್ನು ಸುರಿಯುವದು ಒಂದು ವಿನೋದವೇ ಸರಿ. ಮೊದಲನೆಯ ಹಗುರತೆಯನ್ನು ದುಡಿದು ಪಡೆಯಬೇಕು, ಎರಡನೆಯದನ್ನು ಕೊಳ್ಳಬಹುದು.

ಹೀಗೆ ಹಗುರತೆಯ ಸ್ವರೂಪವನ್ನು ತಿಳಿದ ಮೇಲೆ, ಅಳತೆಗೆ ಮಾಡಿಸಿದ್ದೋ ಸಿದ್ಧವಾದದ್ದೋ ಎಂಬ ಸಂಶಯಕ್ಕೆ ಬರಬಹುದು. ಅಳತೆಗೆ ಮಾಡಿಸಿದುದರಲ್ಲಿ ನಿಜವಾದ ಗುಣಗಳೆರಡು. ಮೊದಲನೆಯದಾಗಿ, ಮೈಗೆ ಹೊಂದಿದ ಹಿಡಿಯು ಎತ್ತಿದೊಡನೆ ಹೆಗಲಿನಲ್ಲಿ ಸರಿಯಾಗಿ ಕೂಡ್ರುವದು. ಕಣ್ಣು ತಾನಾಗಿಯೇ ಗುರಿಯ ಸಾಲಿಗೆ ಬರುವದು. ಕಾರ್ಖಾನೆಯು ಸರಾಸರಿಯ ತೋಳನ್ನು ಎಣಿಸಿ ಹಿಡಿಯನ್ನು ಮಾಡುತ್ತದೆ. ಸರಾಸರಿಗಿಂತ ಗಿಡ್ಡನಾದವನೂ, ನೀಳವಾದವನೂ, ಎಡಗೈಯವನೂ, ಹೆಂಗಸೂ ಆ ಹಿಡಿಯೊಡನೆ ಹೆಣಗಬೇಕಾಗುವದು. ಅಂಥವರಿಗೆ ಅಳತೆಯ ರೈಫಲು ವಿಲಾಸವಲ್ಲ, ಅವಶ್ಯಕತೆ. ಎರಡನೆಯದಾಗಿ, ಮಾಡಿದವನೊಬ್ಬನು ತನ್ನ ಹೆಸರಿನಿಂದ ಅದಕ್ಕೆ ಹೊಣೆಯಾಗಿ ನಿಲ್ಲುವನು. ದೋಷ ಕಂಡರೆ ಯಾರ ಮುಂದೆ ಹೋಗಿ ಕೇಳಬೇಕೆಂಬದು ಗೊತ್ತಿರುವದು. ಶರಣರು ಕಾಯಕವೆಂದು ಯಾವದನ್ನು ಕರೆದರೋ, ಅದರಲ್ಲಿ ಈ ಹೊಣೆಗಾರಿಕೆಯು ಒಂದು ಮುಖ್ಯವಾದ ಅಂಗವಾಗಿತ್ತು.

ಇನ್ನು ಅದರಲ್ಲಿರುವ ಅಪಾಯವು ಮನಸ್ಸಿನದು. ತನ್ನ ಅಳತೆಗೇ ಆದ, ಲೋಕದಲ್ಲಿ ಇನ್ನೊಂದಿಲ್ಲದ ಆಯುಧವು ಕ್ರಮೇಣ ಮನುಷ್ಯನ ಮಾನವೇ ಆಗಿ ನಿಲ್ಲುವದು. ಗಾಂಡೀವದ ಕಥೆಯನ್ನು ಬಲ್ಲವರಿಗೆ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ಗಾಂಡೀವವನ್ನು ಬೇರೊಬ್ಬರಿಗೆ ಕೊಡೆಂದವರ ತಲೆಯನ್ನು ತೆಗೆಯುವೆನೆಂದು ಅರ್ಜುನನು ಪ್ರತಿಜ್ಞೆ ಮಾಡಿದ್ದನು. ಕರ್ಣಪರ್ವದಲ್ಲಿ ನೊಂದ ಧರ್ಮರಾಯನು ಕೋಪದಿಂದ ಅದೇ ಮಾತನ್ನಾಡಲು, ಆ ಪ್ರತಿಜ್ಞೆಯ ದೆಸೆಯಿಂದ ಅವನು ಅಣ್ಣನ ಮೇಲೆಯೇ ಖಡ್ಗವನ್ನು ಹಿರಿದನು. ಶ್ರೀಕೃಷ್ಣನು ತಡೆಯದೆ ಇದ್ದಿದ್ದರೆ ಆಯುಧದ ಅಭಿಮಾನವು ಭ್ರಾತೃಹತ್ಯೆಯಲ್ಲಿ ಮುಗಿಯುತ್ತಿತ್ತು. ಅದೇ ಗಾಂಡೀವವು ಮೌಸಲಪರ್ವದಲ್ಲಿ, ದ್ವಾರಕೆಯ ಸ್ತ್ರೀಯರನ್ನು ಕರೆದುಕೊಂಡು ಬರುವ ದಾರಿಯಲ್ಲಿ ಕಳ್ಳರು ಮುತ್ತಿದಾಗ, ಹೆದೆಯೇರಿಸುವದಕ್ಕೇ ಕಷ್ಟವಾಯಿತು. ಬಿಲ್ಲು ಮೊದಲಿನದೇ, ಮನುಷ್ಯನು ಮೊದಲಿನವನಾಗಿರಲಿಲ್ಲ. ಇಪ್ಪತ್ತೈದರ ಹರೆಯದಲ್ಲಿ ತೆಗೆಸಿದ ಅಳತೆಯು ಐವತ್ತರ ಮೈಗೆ ಹೊಂದದೆ ಹೋದೀತೆಂಬದನ್ನು ಬೆಲೆ ತೆರುವಾಗ ಯಾರೂ ನೆನೆಯುವದಿಲ್ಲ.

ಕಾರ್ಖಾನೆಯ ವಸ್ತುವಿನಲ್ಲಿಯೂ ತನ್ನದೇ ಆದ ಸದ್ಗುಣವುಂಟು. ಒಂದೇ ಮಾದರಿಯನ್ನು ಸಾವಿರಾರು ಜನರು ಬಳಸಿರುವದರಿಂದ ಅದರ ಕುಂದುಗಳು ಬೇಗನೆ ಬಯಲಾಗುವವು, ತಿದ್ದುಪಡಿಯಾಗುವವು. ಮುರಿದ ಭಾಗಕ್ಕೆ ಬದಲು ಭಾಗವು ದೊರೆಯುವದು. ಕಳೆದುಹೋದರೆ ಎದೆಯೊಡೆಯಬೇಕಾಗಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಅದು ಮನುಷ್ಯನಿಗೆ ತಲೆಬಾಗುವದಿಲ್ಲವಾದುದರಿಂದ ಮನುಷ್ಯನೇ ಅದಕ್ಕೆ ಒಗ್ಗಿಕೊಳ್ಳಬೇಕಾಗುವದು, ಒಗ್ಗಿಕೊಳ್ಳುವದೆಂದರೆ ಅಭ್ಯಾಸ. ಅದರ ದೋಷವೂ ಇಲ್ಲಿಯೇ ಇದೆ. ಅಗ್ಗವಾಗಿ ಸುಲಭವಾಗಿ ದೊರೆತದ್ದನ್ನು ಮನುಷ್ಯನು ಅಗ್ಗವಾಗಿಯೇ ಕಾಣುವನು. ಶನಿವಾರ ಕೊಂಡು, ಎರಡು ಗುಂಡುಗಳನ್ನು ರಟ್ಟಿಗೆ ಹೊಡೆದು, ರವಿವಾರ ಬೆಟ್ಟಕ್ಕೆ ಹೋಗುವವನಿಗೆ ಅಭ್ಯಾಸದ ಅವಕಾಶವೇ ಇಲ್ಲವಾಯಿತು. ತಪ್ಪಾದರೆ ಕೋವಿಯನ್ನು ದೂರಿ ಮತ್ತೊಂದನ್ನು ಕೊಳ್ಳುವನು.

ಹಿಂದಿನವರು ಈ ವಿಷಯದಲ್ಲಿ ಹೇಗೆ ನಡೆದುಕೊಂಡರೆಂಬದಕ್ಕೆ ಕನ್ನಡ ವಾಚಕರಿಗೆ ಚಿರಪರಿಚಿತರಾದ ಇಬ್ಬರು ಬೇಟೆಗಾರರ ಉದಾಹರಣೆಯು ಸಾಕು. ಪೂರ್ಣಚಂದ್ರ ತೇಜಸ್ವಿಯವರ ಅನುವಾದಗಳಿಂದ ಜಿಮ್ ಕಾರ್ಬೆಟ್ಟನೂ ಕೆನೆತ್ ಆಂಡರ್ಸನ್ನನೂ ಕನ್ನಡದ ಮನೆಮನೆಗಳನ್ನು ಹೊಕ್ಕಿರುವರು. ಚಂಪಾವತದ ನರಭಕ್ಷಕ ಹುಲಿಯನ್ನು 1907ರಲ್ಲಿ ಕೊಂದುದಕ್ಕಾಗಿ ಕಾರ್ಬೆಟ್ಟನಿಗೆ ಸಂಯುಕ್ತ ಪ್ರಾಂತದ ಲೆಫ್ಟಿನೆಂಟ್ ಗವರ್ನರನು ಲಂಡನ್ನಿನ ರಿಗ್ಬಿ ಎಂಬ ಹೆಸರಾಂತ ಕೋವಿಗಾರರು ಮಾಡಿದ ಪಾಯಿಂಟ್ 275 ರೈಫಲನ್ನು ಉಡುಗೊರೆಯಾಗಿ ಕೊಟ್ಟನು. ಹಗುರವಾದ ಆ ರೈಫಲನ್ನೇ ಹೊತ್ತು ಅವನು ಗಢವಾಲದ ಬೆಟ್ಟಗಳಲ್ಲಿ ಅಲೆದನು. 125 ಜನರನ್ನು ಕೊಂದಿತೆಂದು ಸರಕಾರವು ಎಣಿಸಿದ್ದ ರುದ್ರಪ್ರಯಾಗದ ಚಿರತೆಯು 1926ರ ಮೇ ತಿಂಗಳಿನಲ್ಲಿ ಅದರ ಗುಂಡಿಗೇ ಬಿದ್ದಿತು. ಆಂಡರ್ಸನ್ನನಾದರೋ ನಿಜಾಮರ ಸಂಸ್ಥಾನದ ಬೊಲಾರಮ್ಮಿನಲ್ಲಿ 1910ರಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಬಾಳಿದವನು. ಮೈಸೂರು ಸೀಮೆಯ ಕಾಡುಗಳಲ್ಲಿ ಅವನ ಕೈಯಲ್ಲಿ ಬಹುಕಾಲ ಇದ್ದದ್ದು ಪಾಯಿಂಟ್ 405ರ ವಿಂಚೆಸ್ಟರ್, ಮಾದರಿ 1895. ಸಾವಿರಾರು ಪ್ರತಿಗಳಾಗಿ ಅಮೆರಿಕದ ಕಾರ್ಖಾನೆಯಿಂದ ಹೊರಬಿದ್ದ ವಸ್ತುವು. ಒಬ್ಬನದು ಹೆಸರಾಂತ ಕೋವಿಗಾರರ ಕೆಲಸ, ಒಬ್ಬನದು ಯಂತ್ರದ ಕೆಲಸ. ಇಬ್ಬರ ಕಥೆಗಳಲ್ಲಿಯೂ ಕೋವಿಗಿಂತ ಹೆಚ್ಚಾಗಿ ಕಾಣುವದು ಕಾಯುವಿಕೆ, ಹೆಜ್ಜೆಯ ಗುರುತಿನ ಪರೀಕ್ಷೆ, ಗಾಯಗೊಂಡ ಮೃಗವನ್ನು ಬಿಟ್ಟು ಬರಬಾರದೆಂಬ ಹಟ. ಇಬ್ಬರೂ ಕೊನೆಕೊನೆಗೆ ಕೋವಿಯನ್ನು ಬಿಟ್ಟು ಛಾಯಾಚಿತ್ರದ ಯಂತ್ರವನ್ನು ಹೆಚ್ಚಾಗಿ ಹಿಡಿದವರು.

ಇದಲ್ಲದೆ, ಎರಡು ಪಕ್ಷಗಳ ನಡುವಿನ ಗೆರೆಯು ತೋರುವಷ್ಟು ಗಟ್ಟಿಯಾದದ್ದಲ್ಲ. ಕಾರ್ಬೆಟ್ಟನ ರಿಗ್ಬಿಯ ಹೃದಯಭಾಗವಾದ ಉಕ್ಕಿನ ಯಂತ್ರವು ಜರ್ಮನಿಯ ಮೌಸರ್ ಕಾರ್ಖಾನೆಯದು. ಅದರ ತೋಟೆಯೂ ಮೌಸರಿನದೇ. ಅಮೆರಿಕದ ಬೇಟೆಯ ಲೇಖಕ ಜ್ಯಾಕ್ ಓ’ಕಾನರನ ಪ್ರಖ್ಯಾತವಾದ ರೈಫಲು ವಿಂಚೆಸ್ಟರ್ ಕಾರ್ಖಾನೆಯ ಫೆದರ್‌ವೇಟೇ. ಅದಕ್ಕೆ ಆಲ್ ಬೀಸನ್ ಎಂಬ ಕುಶಲಕರ್ಮಿಯು ಅಳತೆಯ ಮರದ ಹಿಡಿಯನ್ನು ಕೆತ್ತಿಕೊಟ್ಟನು. ಯಂತ್ರವು ಎಲ್ಲರಿಗೂ ಒಂದೇ ಆಗಿರಬಹುದಾದ ಕಡೆ ಕಾರ್ಖಾನೆಯ ಕೆಲಸವನ್ನೂ, ಮೈಗೆ ತಾಗುವ ಕಡೆ ಕೈಯ ಕೆಲಸವನ್ನೂ ಇಟ್ಟುಕೊಳ್ಳುವದು ವಿವೇಕಿಗಳ ದಾರಿಯಾಗಿದೆ.

ಕರ್ಣಾಟಕದಲ್ಲಿಯೇ ಮೂರನೆಯ ಪಕ್ಷವೊಂದುಂಟು. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಭೂಮಿಯನ್ನು ಹೊಂದಿದವರಿಗೂ ಕೋವಿಯ ಲೈಸನ್ಸಿನಿಂದ ವಿನಾಯಿತಿಯು ಇಂಗ್ಲಿಷರ ಕಾಲದಿಂದ ನಡೆದು ಬಂದಿದೆ. ಕೇಂದ್ರ ಸರಕಾರವು 2019ರಲ್ಲಿ ಅದನ್ನು ಹತ್ತು ವರ್ಷಗಳಿಗೆ ಮುಂದುವರಿಸಿತು. ಅಲ್ಲಿಯ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಯನ್ನು ಹೂವಿನಿಂದ ಸಿಂಗರಿಸಿ ಪೂಜಿಸುವರು. ಮನೆಯಲ್ಲಿ ಜನನವಾದರೂ ಮರಣವಾದರೂ ಕೋವಿಯ ಸದ್ದಿನಿಂದ ಊರಿಗೆ ತಿಳಿಸುವರು. ತಾತನಿಂದ ಬಂದ ಕೋವಿಯು ಮೊಮ್ಮಗನ ಅಳತೆಯದೂ ಅಲ್ಲ, ಅವನು ಅಂಗಡಿಯಲ್ಲಿ ಆಯ್ದದ್ದೂ ಅಲ್ಲ. ಆದರೂ ಅದರ ಮೇಲೆ ಹಿರಿಯರ ಕಣ್ಣಿದೆಯೆಂಬ ಭಾವನೆಯಿಂದ ಅದನ್ನು ಮುಟ್ಟುವ ಕೈಯು ತಗ್ಗಿ ನಡೆಯುವದು. ಕೊಳ್ಳುವವನಿಗಿಂತ ಪಡೆದವನಲ್ಲಿ ಆಯುಧದ ಭಯವೂ ಭಕ್ತಿಯೂ ಹೆಚ್ಚೆಂಬದಕ್ಕೆ ಇದು ನಿದರ್ಶನವು.

ಇಷ್ಟು ವಿಚಾರದಿಂದ ಬರುವ ನಿರ್ಣಯವಾದರೂ ಏನು? ಅಳತೆಯದೋ ಸಿದ್ಧವಾದದ್ದೋ ಎಂಬ ಪ್ರಶ್ನೆಯು ಎರಡನೆಯದು. ಮೊದಲನೆಯ ಪ್ರಶ್ನೆಗೆ ಉತ್ತರ ದೊರೆತ ಮೇಲೆಯೇ ಅದಕ್ಕೆ ಅರ್ಥವುಂಟು. ಮೊದಲನೆಯ ಪ್ರಶ್ನೆಯು ಇದು: ಈ ಕೋವಿಯಿಂದ ಇಳಿಸಿದ ಭಾರವನ್ನು ಯಾರು ಹೊರುವರು? ಅದನ್ನು ಅಭ್ಯಾಸದ ರೂಪದಿಂದ ತಾನೇ ಹೊರಲು ಸಿದ್ಧನಾದವನು ಹಗುರವಾದದ್ದನ್ನು ಕೊಳ್ಳಬಹುದು. ಇಲ್ಲದವನು ಭಾರವಾದದ್ದನ್ನೇ ಹೊತ್ತು ನಡೆಯುವದು ನ್ಯಾಯವು. ಏಕೆಂದರೆ ಬೆಟ್ಟವನ್ನೇರುವ ಸುಖವೂ ಬೇಟೆಯ ಸುಖವೂ ಅವನದಾಗಿರುವಾಗ ಅದರ ಬೆವರು ಕೂಡ ಅವನದೇ ಆಗಬೇಕು. ಸುಖವನ್ನು ತಾನಿಟ್ಟುಕೊಂಡು ಕಷ್ಟವನ್ನು ಮೂಕಪ್ರಾಣಿಯ ಮೇಲೆ ಹೊರಿಸುವದು, ಬೇಟೆಯನ್ನು ಒಪ್ಪುವವರ ಧರ್ಮದಲ್ಲಿ ಕೂಡ ಅಧರ್ಮವು.

ಎರಡನೆಯ ಪ್ರಶ್ನೆಗೆ ಉತ್ತರವು ಇದರಿಂದ ತಾನಾಗಿಯೇ ಬರುವದು. ಕುಶಲಕರ್ಮಿಯ ಬಳಿಗೆ ಹೋಗಿ ಮೈಯ ಅಳತೆಯನ್ನು ಕೊಡುವ ಮೊದಲು ಮನುಷ್ಯನು ತನ್ನ ಕೌಶಲದ ಅಳತೆಯನ್ನು ತಾನೇ ತೆಗೆಯಬೇಕು. ಯಾವ ದೂರದಲ್ಲಿ ಹತ್ತಕ್ಕೆ ಹತ್ತು ಗುಂಡುಗಳು ಅಂಗೈಯಗಲದಲ್ಲಿ ಬೀಳುವವೋ ಆ ದೂರವೇ ಅವನ ಎಲ್ಲೆ. ಅದರಾಚೆ ನಿಂತ ಮೃಗವು ಎಷ್ಟೇ ಆಸೆ ಹುಟ್ಟಿಸಿದರೂ ಅವನ ಪಾಲಿನದಲ್ಲ. ಈ ಎಲ್ಲೆಯನ್ನು ಅರಿಯದವನಿಗೆ ಅಳತೆಯ ರೈಫಲು ಅಳತೆಯಿಲ್ಲದ ಕೈಯಲ್ಲಿ ಸಿಕ್ಕಂತೆ. ಅರಿತವನ ಮೈಗೆ ಕಾರ್ಖಾನೆಯ ಹಿಡಿಯು ಹೊಂದುವದಾದರೆ, ಅದನ್ನೇ ಕೊಂಡು, ಉಳಿದ ಹಣದಿಂದ ತೋಟೆಗಳನ್ನು ಕೊಂಡು ಅಭ್ಯಾಸ ಮಾಡುವದು ಲೇಸು. ಹೊಂದದೆ ಇದ್ದರೆ, ಹಿಡಿಯೊಂದನ್ನು ಮಾಡಿಸಿಕೊಳ್ಳಲಿ. ಅದೂ ಸಾಲದಾದರೆ ಎಲ್ಲವನ್ನೂ ಮಾಡಿಸಿಕೊಳ್ಳಲಿ. ಹೆಸರಿಗಾಗಿ ಮಾಡಿಸಿಕೊಂಡದ್ದು ಗೋಡೆಯ ಮೇಲೆ ಇರುವದೇ ಒಳ್ಳೆಯದು.

ಶಾಕುಂತಲದ ಮೊದಲನೆಯ ಅಂಕದಲ್ಲಿ ದುಷ್ಯಂತನು ಹರಿಣವನ್ನು ಅಟ್ಟಿಕೊಂಡು ಆಶ್ರಮದ ಅಂಚಿಗೆ ಬಂದಾಗ ತಪಸ್ವಿಯು ಅಡ್ಡ ಬಂದು, ರಾಜರ ಶಸ್ತ್ರವು ಆರ್ತರ ರಕ್ಷಣೆಗೆ, ನಿರಪರಾಧಿಯನ್ನು ಹೊಡೆಯುವದಕ್ಕಲ್ಲ ಎಂದು ತಿಳಿಸುತ್ತಾನೆ. ರಾಜನು ವಾದ ಮಾಡುವದಿಲ್ಲ. ಹೂಡಿದ ಬಾಣವನ್ನು ಇಳಿಸುತ್ತಾನೆ. ನಾಟಕದಲ್ಲಿ ಅವನ ದೊಡ್ಡತನವು ಮೊದಲು ಕಾಣುವದು ಆ ಇಳಿಸಿದ ಬಾಣದಲ್ಲಿಯೇ. ಯಾವ ಕೋವಿಗೂ ಇರಬೇಕಾದ ಕೊನೆಯ ಗುಣವು ಇದು: ಎತ್ತಿದ್ದನ್ನು ಇಳಿಸಲು ಒಪ್ಪುವ ಕೈಯಲ್ಲಿ ಅದು ಇರಬೇಕು.

ನಿಂಬರ್ಗಾದ ಕಡೆಯ ಆ ತಂದೆಯು ಮಗನಿಗೆ “ಬೇಡಪ್ಪಾ” ಎಂದು ಮೊದಲು ಹೇಳಲಿ. ಅದು ಅವನ ಮನೆಯ ಧರ್ಮವು. ಮಗನು ಕೇಳದೆ ಹೋದರೆ ಫೋನನ್ನು ಕೆಳಗಿಡದೆ ಇನ್ನೊಂದು ಮಾತನ್ನು ಹೇಳಲಿ: “ಯಾವದನ್ನಾದರೂ ಕೊಳ್ಳು, ಆದರೆ ಅದರ ಭಾರವನ್ನು ನೀನೇ ಹೊರು.” ಮಗನು ಆ ಮಾತನ್ನು ನಿಜವಾಗಿ ಪಾಲಿಸಿದನಾದರೆ, ತಿಂಗಳುಗಟ್ಟಲೆ ರಟ್ಟಿನ ಗುರಿಯ ಮುಂದೆ ಕೈ ನಡುಗುವದನ್ನು ನೋಡಿ, ತನ್ನ ಎಲ್ಲೆಯು ಎಷ್ಟು ಸಣ್ಣದೆಂದು ಅರಿಯುವನು. ಅಷ್ಟನ್ನು ಅರಿತವನು ಬೆಟ್ಟದ ಮೇಲೆ ನಿಂತು, ದೂರದಲ್ಲಿ ಮೇಯುವ ಜಿಂಕೆಯನ್ನು ಕಂಡು, ಕೋವಿಯನ್ನು ಇಳಿಸಿ ಬರಿಗೈಯಿಂದ ಹಿಂದಿರುಗಿದರೂ ಹಿಂದಿರುಗಬಹುದು. ಆಗ ತಂದೆಯ ಮೊದಲನೆಯ ಮಾತನ್ನೂ ಅವನು ನಡೆಸಿದಂತಾಗುವದು.